ಕಾಳ್ಯಾ, ಮೋತ್ಯಾ ಮತ್ತು ಹತ್ತು ದಿನದ ವಾಯಿದೆ

“ಡಾಕ್ಟ್ರ, ಹೊಲಿಗಿ ಸಾಕ್ರಿ. ಇದಕ್ಕ ಒಂದ ಸೂಜಿ ಹಾಕಿ ಮುಗಿಸಿಬಿಡ್ರಿ,” ಎಂದರು ಯಜಮಾನರು.

ನಾನು ಅಂಗಳದಲ್ಲಿ ಮೊಣಕಾಲೂರಿ ಕೂತು ನಾಯಿಯ ಹರಿದ ಕಿವಿಗೆ ಮೂರನೆಯ ಹೊಲಿಗೆ ಹಾಕುತ್ತಿದ್ದೆ. ಕೈ ಅಲ್ಲೇ ನಿಂತಿತು. ನಾಯಿಯ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ, ಅದರ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ ಆ ಮನೆಯ ಸೊಸೆ ಮುಖ ಎತ್ತಲಿಲ್ಲ. ಅವಳ ಕಣ್ಣೀರು ಮಾತ್ರ ನಾಯಿಯ ಹಣೆಯ ಮೇಲೆ ಬಿತ್ತು.

ನಾನು ಡಾಕ್ಟರನಲ್ಲ. ದನದ ದವಾಖಾನೆಯಲ್ಲಿ ಡಾಕ್ಟರರ ಕೈಕೆಳಗೆ ಕೆಲಸ ಮಾಡುವ ಪರಿವೀಕ್ಷಕ. ಆದರೆ ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಬಂದವರೆಲ್ಲ ಸತ್ತಿ ಎಂಬ ಊರಿನ ಸುತ್ತಿನ ಹಳ್ಳಿಗಳಿಗೆ ಡಾಕ್ಟರರೇ. ತೊಂಬತ್ತರ ಆಸುಪಾಸು. ಗದಗ ಕಡೆಯಿಂದ ಅಥಣಿ ತಾಲ್ಲೂಕಿಗೆ ಬಂದು ನನಗೆ ಆಗಷ್ಟೇ ವರ್ಷ ತುಂಬಿತ್ತು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಕರುವನ್ನು ಎಳೆಯುವುದು ಬರುತ್ತಿತ್ತು. ಕಾಲುಬಾಯಿ ಬೇನೆ, ಹೊಟ್ಟೆಯುಬ್ಬರ ಗೊತ್ತಿದ್ದವು. ನಾಯಿಗಳ ವಿಷಯ ನನಗೆ ಅಷ್ಟಕ್ಕಷ್ಟೇ. ಆದರೂ ಆ ಹತ್ತು ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಓಡಾಡಿದ್ದು, ಅಷ್ಟು ಬೈಸಿಕೊಂಡದ್ದು, ಅಷ್ಟು ಕುಣಿದಾಡಿದ್ದು ಬೇರೆ ಯಾವ ಕೇಸಿನಲ್ಲೂ ಇಲ್ಲ.

ಆ ತೋಟದ ಮನೆ ಸತ್ತಿಯಿಂದ ಹೊಳೆಗೆ ಹೋಗುವ ದಾರಿಯ ಮೇಲಿತ್ತು. ಒಂದು ಬದಿ ಕಬ್ಬು, ಇನ್ನೊಂದು ಬದಿ ದ್ರಾಕ್ಷಿ ಬಾಗ. ಬಾಗ ಕಾಯಲು ಕಾಳ್ಯಾ ಇದ್ದ. ಕರಿಯ ಗಂಡು ನಾಯಿ, ಎಂಟು ವರ್ಷದ್ದು, ಯಜಮಾನರ ಹೆಂಡತಿ ಹಾಲು ಕುಡಿಸಿ ಬೆಳೆಸಿದ್ದು. ಮೋತ್ಯಾ ಬಂದದ್ದು ಹಿಂದಿನ ವರ್ಷ, ಸೊಸೆಯ ಜೊತೆಗೆ. ಅವಳ ತವರು ಗಡಿಯಾಚೆ, ಮಹಾರಾಷ್ಟ್ರದ ಶಿರೋಳದ ಕಡೆ. ಅವಳ ಅತ್ತಿಗೆಗೆ ನಾಯಿ ಕಂಡರಾಗದು. ಹಾಗಾಗಿ ಮದುವೆಯ ಪಾತ್ರೆ, ಪಲ್ಲಂಗದ ಜೊತೆ ಟ್ರ್ಯಾಕ್ಟರ್ ಡಬ್ಬಿಯಲ್ಲಿ ಕೂತು ಅದೂ ಗಂಡನ ಮನೆಗೆ ಬಂದಿತ್ತು. ಬಿಳಿ ಮೈ, ನಾನು ಅವತ್ತು ಹೊಲಿಯುತ್ತಿದ್ದ ಆ ಕಂದು ಕಿವಿ, ಅದೂ ಗಂಡೇ.

ಮೊದಲ ಹತ್ತು ತಿಂಗಳು ಹಿತ್ತಲಲ್ಲಿ ಕಟ್ಟಿಸಿಕೊಂಡಿದ್ದ ಮೋತ್ಯಾಗೂ ಮುಂದಿನ ಅಂಗಳದ ಕಾಳ್ಯಾಗೂ ಅಂಥ ತಕರಾರಿರಲಿಲ್ಲ. ಕಳೆದ ಎರಡು ತಿಂಗಳಿಂದ ಸುರುವಾದ ಜಗಳ ನಿಲ್ಲುವ ಮಾತೇ ಇಲ್ಲ. ನಾನೇ ಮೂರು ಸಲ ಬಂದು ಹೊಲಿಗೆ ಹಾಕಿದ್ದೆ. ಬೀಜ ತೆಗೆಸಿದರೆ ಸಿಟ್ಟು ಇಳಿಯಬಹುದು ಎಂದು ಒಮ್ಮೆ ಬಾಯಿಬಿಟ್ಟಿದ್ದೆ. ತಮ್ಮನ್ನೇ ಮಲಗಿಸಲು ಹೇಳಿದಂತೆ ಯಜಮಾನರು ಗಾಬರಿಬಿದ್ದು ಎದ್ದು ಹೋಗಿದ್ದರು.

ಈ ಸಲದ ಜಗಳದಲ್ಲಿ ಪೆಟ್ಟು ನಾಯಿಗಷ್ಟೇ ಆಗಿರಲಿಲ್ಲ. ಯಜಮಾನರ ಹೆಂಡತಿ, ಅಂದರೆ ಸೊಸೆಯ ಅತ್ತೆ, ಬಿಡಿಸಲು ಹೋಗಿ ಮುಂಗೈ ಕಚ್ಚಿಸಿಕೊಂಡಿದ್ದರು.

“ಯಾವುದು ಕಚ್ಚಿತ್ರಿ, ಅವ್ವಾರ?” ಎಂದೆ.

“ಅದರಾಗ ಯಾವುದು ಅಂತ ಹೆಂಗ ಹೇಳಲಿ? ಎರಡೂ ಒಂದ ಮುದ್ದಿ ಆಗಿ ಉರುಳಾಕತ್ತಿದ್ದು. ನಡುವ ಕೈ ಹಾಕಿದ್ನಿ, ಹಲ್ಲ ಬಿತ್ತು,” ಎಂದರು. ಆಮೇಲೆ ಸೊಸೆಯ ಕಡೆ ನೋಡದೆಯೇ, “ನನ್ನ ಕೈ ಹೋದ್ರ ಹೋಗಲಿ. ನಾಳೆ ಕೂಸು ತೊಟ್ಟಿಲದಾಗ ಮಲಗಿರತೈತಿ. ಆವಾಗ ಇವು ಒಳಗ ಬಂದು ಬಡದಾಡಿದ್ರ ಏನ್ ಮಾಡೂದು, ಹೇಳ್ರಿ,” ಎಂದರು.

ಸೊಸೆ ಏಳು ತಿಂಗಳ ಬಸುರಿ. ಮುಂಗೈಯ ಗಾಯ ನೋಡುತ್ತಿದ್ದ ಹಾಗೆ ನನಗೆ ಒಂದು ದಾರಿ ಹೊಳೆಯಿತು. ಮನುಷ್ಯರನ್ನು ಕಚ್ಚಿದ ನಾಯಿಯನ್ನು ಕೊಲ್ಲಬಾರದು. ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹುಚ್ಚು ಹಿಡಿದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಗಟ್ಟಿಮುಟ್ಟಾಗಿ ಉಳಿದರೆ ಕಚ್ಚಿಸಿಕೊಂಡವರಿಗೆ ಭಯವಿಲ್ಲ. ಇದು ನಿಯಮ, ನಾನು ಹುಟ್ಟಿಸಿದ್ದಲ್ಲ. ಯಾವುದು ಕಚ್ಚಿತೋ ಗೊತ್ತಿಲ್ಲದ್ದರಿಂದ ಎರಡನ್ನೂ ಉಳಿಸಲೇಬೇಕು. ಅತ್ತೆ ಮಾತ್ರ ಈಗಲೇ ಸರ್ಕಾರಿ ದವಾಖಾನೆಗೆ ಹೋಗಿ ಹೊಟ್ಟೆಗೆ ಸೂಜಿ ಸುರುಮಾಡಬೇಕು, ನಾಯಿಗಳು ಚೆನ್ನಾಗಿದ್ದರೆ ಹತ್ತು ದಿನಕ್ಕೆ ನಿಲ್ಲಿಸುತ್ತಾರೆ ಎಂದು ಹೇಳಿದೆ.

ಯಜಮಾನರು ಗಡ್ಡ ಕೆರೆದುಕೊಂಡರು. “ಹತ್ತ ದಿನ ಅಂದ್ರ ಹತ್ತ ದಿನ. ಹನ್ನೊಂದನೇ ದಿನಾನ ಬಸರಿ ಕುಬಸ ಐತಿ. ಬೀಗರು ಬಂದು ಈಕಿನ್ನ ಬಾಣಂತನಕ್ಕ ಕರಕೊಂಡ ಹೊಕ್ಕಾರ. ಅವತ್ತ ನೀವು ಚೀಲ ತಗೊಂಡ ಬರ್ರಿ. ಇವು ಕೂಡಿ ಬಾಳಿದ್ರ ಬಾಳಲಿ. ಇಲ್ಲಂದ್ರ ಮೋತ್ಯಾಂದು ನಿಮ್ಮ ಕೈಲೇ ಮುಗೀಬೇಕು. ಮಾತ ಕೊಡ್ರಿ.”

ಕೊಟ್ಟುಬಿಟ್ಟೆ! ವಯಸ್ಸೇ ಅಂಥದು. ಸೊಸೆ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಹೊರಗೆ ಬಂದು ಸೈಕಲ್ ಹತ್ತಿದ ಮೇಲೆ, ನಾನು ಹೂಂ ಅಂದದ್ದು ಎಂಥ ಮಾತಿಗೆ ಎಂದು ತಿಳಿಯಿತು.

ಮೊದಲ ಎರಡು ದಿನ ನಾನು ಮಾಡಿದ್ದು ಪುಸ್ತಕದ ಬುದ್ಧಿಯ ಕೆಲಸ. ಅಂಗಳದ ಎರಡು ತುದಿಗೆ ಎರಡು ಗೂಟ ಹೊಡೆಸಿ, ದನದ ಸರಪಳಿಗೆ ಹೊಸ ಕೊಂಡಿ ಹಾಕಿಸಿ, ಒಂದನ್ನು ಇತ್ತ, ಒಂದನ್ನು ಅತ್ತ ಕಟ್ಟಿದೆ. ಎರಡಕ್ಕೂ ಒಂದೇ ಹೊತ್ತಿಗೆ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ. ದಿನಕ್ಕೆ ನಾಲ್ಕು ನಾಲ್ಕು ಹೆಜ್ಜೆ ಗೂಟಗಳನ್ನು ಹತ್ತಿರ ತರುವುದು, ತಿನ್ನುವಾಗ ಎದುರಿಗೊಂದು ನಾಯಿ ಇದ್ದರೂ ಏನೂ ಆಗುವುದಿಲ್ಲ ಎಂದು ಅವುಗಳಿಗೆ ರೂಢಿ ಮಾಡಿಸುವುದು, ಇದು ನನ್ನ ಯೋಜನೆ. ಬೆಳಿಗ್ಗೆ ದವಾಖಾನೆಗೆ ಹೋಗುವ ಮೊದಲು ಒಮ್ಮೆ, ಸಂಜೆ ಒಮ್ಮೆ ಬಂದು ನಾನೇ ನಿಂತು ನೋಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಎಲ್ಲ ಮಣ್ಣುಗೂಡಿತು. ಸೊಸೆ ಕಟ್ಟೆಯ ಮೇಲಿಂದ ಮೋತ್ಯಾನನ್ನು ಮಾತಾಡಿಸಿದಳು, ಅಷ್ಟೇ. ಅನ್ನದ ಮೇಲಿದ್ದ ಬಾಯಿ ತೆಗೆದು ಕಾಳ್ಯಾ ಹಾರಿದ ಹಾರಿಕೆಗೆ ಹೊಸ ಕೊಂಡಿ ನೇರವಾಗಿ ಬಿಚ್ಚಿಕೊಂಡಿತು. ಕೊರಳಿಗೆ ಕೈ ಹಾಕಿದರೆ ನನ್ನ ಗತಿಯೂ ಅತ್ತೆಯದೇ ಆಗುತ್ತದೆಂದು ನಾನು ಹಿಂದಿನಿಂದ ಹೋಗಿ ಕಾಳ್ಯಾನ ಎರಡೂ ಹಿಂಗಾಲು ಹಿಡಿದು ಎತ್ತಿ, ಗಾಡಿ ಹಿಂದಕ್ಕೆ ಎಳೆದಂತೆ ಎಳೆದೆ. ಬಿಟ್ಟಿತು. ಆದರೆ ತಿರುಗಿ ನನ್ನ ಪ್ಯಾಂಟಿಗೆ ಬಾಯಿ ಹಾಕಿತು. ಮೊಣಕಾಲಿನಿಂದ ಕೆಳಗೆ ಬಟ್ಟೆಗೆ ಎರಡು ಸೀಳು. ಯಜಮಾನರು ಕಬ್ಬು ಜಗಿಯುತ್ತ, “ಡಾಕ್ಟ್ರ, ಸೂಜಿ ನಾಯಿಗಿ ಹಾಕತೀರೋ, ಪ್ಯಾಂಟಿಗಿ ಹಾಕತೀರೋ?” ಎಂದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಹರಿದ ಪ್ಯಾಂಟಿನಲ್ಲಿ ನಿಂತು ಸಿಟ್ಟು ಮಾಡಲು ಬರುವುದಿಲ್ಲ.

ಅವತ್ತು ನನ್ನನ್ನು ಉಳಿಸಿದವರು ಆ ಮನೆಯ ಕಮತದ ಮುತ್ಯಾ. ನಲವತ್ತು ವರ್ಷದಿಂದ ಅಲ್ಲೇ ಎತ್ತು ಹೂಡಿದ ಹಿರಿಯರು. ಮಾತು ಕಡಿಮೆ. ನಾನು ಕಟ್ಟೆಯ ಮೇಲೆ ಮುಖ ಸಪ್ಪಗೆ ಮಾಡಿ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತರು.

“ಸಾಹೇಬ್ರ, ಬ್ಯಾರೆ ಬ್ಯಾರೆ ಸಂತ್ಯಾಗ ಒಂದೊಂದ ಎತ್ತು ಕೊಂಡ ಬಂದ್ರ ಅವನ್ನ ಜೋಡ ಹೆಂಗ ಮಾಡತಾರ, ಗೊತ್ತೈತೇನ್ರಿ?”

“ಹೇಳ್ರಿ.”

“ಮಾರಿಗೆ ಮಾರಿ ಕೊಟ್ಟ ಕಟ್ಟಂಗಿಲ್ರಿ. ಮಾರಿಗೆ ಮಾರಿ ಆದ್ರ ಹಾಯತಾವ. ಮಗ್ಗಲಿಗೆ ಮಗ್ಗಲ ಕಟ್ಟಬೇಕು, ಎರಡೂ ಒಂದ ಕಡೆ ನೋಡಬೇಕು. ಇದರ ಹಾಸಗಿ ಅದಕ್ಕ, ಅದರ ಹಾಸಗಿ ಇದಕ್ಕ. ನಡುವ ಮನಶಾ ಇದ್ದು ನಡಸಬೇಕು. ಎಂಟ ದಿನಾ ಎಡಗಡೆ ನಡದದ್ದನ್ನ ಆಮ್ಯಾಗ ಬಲಗಡೆ ಹಾಕಬೇಕು.”

ನಾನು ಕೂತಲ್ಲಿಂದ ಜಿಗಿದು ಎದ್ದೆ. ನಾನು ಮಾಡಿದ್ದೇ ಅದು, ಎರಡನ್ನೂ ಮುಖಾಮುಖಿ ಕಟ್ಟಿ ನಡುವೆ ಅನ್ನ ಇಟ್ಟದ್ದು! ದನದ ದವಾಖಾನೆಯವನಾಗಿ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವತ್ತೇ ಇಬ್ಬರ ಗೋಣಿತಟ್ಟು ಅದಲು ಬದಲು ಮಾಡಿದೆವು. ನಾಲ್ಕನೆಯ ದಿನ ಬೆಳಗಾಗುತ್ತಲೇ ಮುತ್ಯಾ ಕಾಳ್ಯಾನನ್ನು ತಮ್ಮ ಎಡಗಡೆಗೆ ಹಿಡಿದರು, ನಾನು ಮೋತ್ಯಾನನ್ನು ನನ್ನ ಬಲಗಡೆಗೆ ಹಿಡಿದೆ. ನಾವಿಬ್ಬರೂ ನಡುವೆ ಭುಜಕ್ಕೆ ಭುಜ ಹಚ್ಚಿ, ಹೊಳೆಯ ದಾರಿ ಹಿಡಿದು ಹೊರಟೆವು. ಮುತ್ಯಾ ಮಾತಾಡುವವರಲ್ಲ. ನನಗೂ ಹೆದರಿಕೆಯಿಂದ ಮಾತು ಬರಲಿಲ್ಲ.

ಆ ನಡಿಗೆಯ ಸಂತೋಷ ಏನೆಂದು ಹೇಳಲಿ! ಮೊದಲ ಫರ್ಲಾಂಗು ಗುರ್‌ಗುರ್. ಎರಡನೆಯದರಲ್ಲಿ ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಬಂದರು. ಹೊಳೆಯ ದಂಡೆಯ ಹತ್ತಿರ ಒಂದು ಕಲ್ಲಿಗೆ ಕಾಳ್ಯಾ ಕಾಲೆತ್ತಿದ, ಅದೇ ಕಲ್ಲಿಗೆ ಮೋತ್ಯಾನೂ ಎತ್ತಿದ. ನನಗೆ ಮುತ್ಯಾನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಐದನೆಯ ದಿನ ಬದಿ ಬದಲಿಸಿದೆವು. ನಡುವೆ ಒಬ್ಬನೇ ಸಾಕು ಅನ್ನುವಷ್ಟಾಯಿತು. ಬರುವಾಗ ಎರಡೂ ಕಬ್ಬಿನ ಬದುವಿನಲ್ಲಿ ಒಂದೇ ಬಿಲಕ್ಕೆ ಮೂಗು ಹಾಕಿ ನಿಂತವು. ಕೇಸು ಗೆದ್ದೆ ಅಂದುಕೊಂಡೆ. ದವಾಖಾನೆಯಲ್ಲಿ ಎಲ್ಲರಿಗೂ ಚಹಾ ತರಿಸಿ ಜಂಬ ಕೊಚ್ಚಿದ್ದೂ ಆಯಿತು.

ಆರನೆಯ ದಿನ ಆ ಜಂಬ ಇಳಿಯಿತು. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಅಂಗಳದೊಳಗೆ ಬಂದೆ. ಅತ್ತೆ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದವರು, ಎರಡು ನಾಯಿ ಮಗ್ಗುಲಲ್ಲಿರುವುದು ಕಂಡೊಡನೆ ಎದೆ ಒಡೆದು, “ಏ! ಏ! ಏಯ್!” ಎಂದು ಕಿರುಚಿದರು. ಮೋತ್ಯಾ ನನ್ನ ಕೈ ಕಿತ್ತುಕೊಂಡು ಅವರ ಕಡೆಗೇ ಓಡಿದ. ಕಾಳ್ಯಾ ಅವನ ಬೆನ್ನ ಮೇಲೆ ಬಿದ್ದ. ಮತ್ತೆ ಧೂಳು, ಮತ್ತೆ ಹಿಂಗಾಲು, ಕೊನೆಗೆ ನೀರು ಸುರಿದು ಬಿಡಿಸುವುದು. ಮೋತ್ಯಾನ ಹೊಲಿಗೆ ಬಿಚ್ಚಿತು.

“ನೋಡ್ರಿ, ಕೂಗಿದ್ರೂ ನನ್ನ ಮ್ಯಾಲೇ ಬಂತು ಮೂಳ. ಇದು ಸುಧಾರಿಸೂ ನಾಯಿ ಅಲ್ಲ,” ಎಂದರು ಅತ್ತೆ. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಜಮಾನರು ಈ ಸಲ ನಗಲಿಲ್ಲ. “ಇನ್ನ ನಾಕ ದಿನ ಐತಿ, ಡಾಕ್ಟ್ರ,” ಎಂದರಷ್ಟೇ.

ನಾನು ಹೊಲಿಗೆ ಹಾಕಿ ಹೊರಟೆ. ಆದರೆ ಸೈಕಲ್ ತುಳಿಯುತ್ತಿದ್ದಾಗ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿತ್ತು. ಅತ್ತೆಯ ಕಡೆಗೆ ಓಡಿದಾಗ ಮೋತ್ಯಾ ಬಾಲ ಅಲ್ಲಾಡಿಸುತ್ತಿದ್ದ! ಕಚ್ಚಲು ಹೋಗುವ ನಾಯಿ ಹಾಗೆ ಬಾಲ ಬೀಸುವುದಿಲ್ಲ. ಕಿವಿ ಹಿಂದಕ್ಕೆ ಒರಗಿದ್ದವು, ನಾಲಿಗೆ ಹೊರಗಿತ್ತು. ಅದು ಯಾರೋ ಪ್ರೀತಿಯಿಂದ ಕರೆದರೆ ಓಡುವ ಓಟ. ಇನ್ನೊಂದು ಮಾತು. ಹೊಳೆಯ ದಾರಿಯಲ್ಲಿ ಕುರಿಮರಿಗಳಂತಿದ್ದವು ಅಂಗಳದಲ್ಲೇ ಯಾಕೆ ಬಡಿದಾಡುತ್ತವೆ? ತಲೆ ಕೆರೆದುಕೊಂಡೆ. ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಒಬ್ಬ ಮರಾಠಿ ಅಜ್ಜಿಯ ಮನೆಗೆ ಹೋಗುವುದಿತ್ತು. ಎಮ್ಮೆ ಗಬ್ಬ ನಿಂತಿದೆಯೋ ಇಲ್ಲವೋ ನೋಡಬೇಕಿತ್ತು. ಈ ಅಜ್ಜಿಯ ಮನೆಗೆ ವರ್ಷದ ಹಿಂದೆ ಮೊದಲ ಸಲ ಹೋದಾಗ ನನ್ನ ಮರ್ಯಾದೆ ಹೋಗಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ಅವಳು “ಯೇ! ಯೇ!” ಎಂದು ಜೋರಾಗಿ ಕೂಗಿದ್ದಳು. ನಮ್ಮ ಗದಗ ಕಡೆ ಯಾರಾದರೂ ಹಾಗೆ ಕೂಗಿದರೆ, ಅಲ್ಲೇ ನಿಲ್ಲು, ಕಾಲಿಟ್ಟರೆ ನೋಡು ಎಂದರ್ಥ. ನಾನು ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಹೊರಟೇಬಿಟ್ಟಿದ್ದೆ. ಆಮೇಲೆ ಯಾರೋ ಓಡಿಬಂದು, ಮರಾಠಿಯಲ್ಲಿ ‘ಯೇ’ ಎಂದರೆ ‘ಬಾ’, ಅಜ್ಜಿ ಮಗನನ್ನು ಕರೆದಂತೆ ಸಲಿಗೆಯಿಂದ ಕರೆದದ್ದು ಎಂದು ಹೇಳಿ ಕರೆತಂದಿದ್ದರು.

ಅವತ್ತೂ ಅಜ್ಜಿ ನೆರಳಿನಲ್ಲಿ ಕೂತು ನನ್ನನ್ನು ಕಂಡಳು. “ಯೇ ರೇ ಬಾಳಾ, ಯೇ!” ಎಂದಳು. ಅರ್ಥ ಗೊತ್ತಿದ್ದರೂ ನನ್ನ ಕಾಲು ತಾನಾಗಿ ಒಂದು ಗಳಿಗೆ ನಿಂತಿತು. ಕಿವಿಗೆ ಅದು ಬೈಗುಳವೇ. ಹಾಗೆ ನಿಂತವನು ನಿಂತೇಬಿಟ್ಟೆ.

ಮೋತ್ಯಾ ಹುಟ್ಟಿ ಬೆಳೆದದ್ದು ಮರಾಠಿ ಮನೆಯಲ್ಲಿ.

ಬರೆಯುವಾಗ ಒಂದನ್ನು ‘ಏ’ ಎಂದೂ ಇನ್ನೊಂದನ್ನು ‘ಯೇ’ ಎಂದೂ ಬರೆಯಬಹುದು. ಬಾಯಲ್ಲಿ ಎರಡೂ ಒಂದೇ. ಅತ್ತೆ “ಏ!” ಎಂದು ಬೈದರೆ ಅವನಿಗೆ “ಬಾ!” ಎಂದು ಕೇಳುತ್ತದೆ! ನಾನು ಎಮ್ಮೆಯನ್ನು ಮರೆತೆ. “ಆಜಿ, ಉದ್ಯಾ ಯೇತೋ!” ಎಂದು, ನಾಳೆ ಬರುತ್ತೇನೆಂಬ ಅರ್ಥದಲ್ಲಿ, ನನಗೆ ಬರುತ್ತಿದ್ದ ಮೂರು ಮರಾಠಿ ಮಾತನ್ನು ಒದರಿ ಸೈಕಲ್ ತಿರುಗಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಗ್ಗಿ ನುಗ್ಗಿ ಹೋದೆ. ಒಬ್ಬ ಡ್ರೈವರ್ ನನ್ನ ಹಿರಿಯರನ್ನೆಲ್ಲ ನೆನೆಸಿದ. ಅದೂ ನನಗೆ ಸಂತೋಷವಾಗಿಯೇ ಕೇಳಿಸಿತು.

“ಎಲ್ಲಾರೂ ಕಟ್ಟಿ ಮ್ಯಾಲ ಕೂಡ್ರಿ. ಯಾರೂ ತುಟಿ ಪಿಟಕ್ ಅನಬ್ಯಾಡ್ರಿ!” ಎಂದೆ, ಏದುಸಿರು ಬಿಡುತ್ತ. ಯಜಮಾನರು, ಅತ್ತೆ, ಸೊಸೆ, ಮುತ್ಯಾ ಸಾಲಾಗಿ ಕೂತರು. ನಾಯಿಗಳು ಮೂವತ್ತು ಹೆಜ್ಜೆ ಅಂತರದಲ್ಲಿ ಕಟ್ಟಿದ್ದವು, ಮಲಗಿದ್ದವು. ನಾನು ನಡುವೆ ನಿಂತು, ಸಿಟ್ಟೂ ಇಲ್ಲದೆ ಪ್ರೀತಿಯೂ ಇಲ್ಲದೆ, ಸಾದಾ ದನಿಯಲ್ಲಿ “ಏ” ಎಂದೆ.

ಮೋತ್ಯಾ ಎದ್ದು ಬಾಲ ಬೀಸುತ್ತ ಸರಪಳಿ ಜಗ್ಗಿ ನನ್ನ ಕಡೆ ಬಂದ. ಕಾಳ್ಯಾನೂ ಎದ್ದ, ಆದರೆ ಬೆನ್ನಿನ ಕೂದಲು ನಿಮಿರಿಸಿ, ಗುರುಗುಟ್ಟುತ್ತ, ಯಾರನ್ನು ಅಟ್ಟಬೇಕು ಎಂದು ಸುತ್ತ ನೋಡಿದ.

“ಯಜಮಾನ್ರ, ಬಾಗದಾಗ ಮಂದಿ ಆಡು ನುಗ್ಗಿದ್ರ ನೀವು ಏನಂತ ಕೂಗತೀರಿ?”

“ಏನಂತ? ‘ಏ’ ಅಂತೀನಿ. ಅಂದ ಕೂಡಲೇ ಕಾಳ್ಯಾ ಹೋಗಿ ಬೆನ್ನ ಹತ್ತತಾನ,” ಎಂದರು. ಎಂದವರೇ ಬಾಯಿ ತೆರೆದುಕೊಂಡು ಕೂತರು.

“ವೈನಿ, ಈಗ ನೀವು ಮೋತ್ಯಾನ ಊಟಕ್ಕ ಕರೀರಿ. ದಿನಾ ಹೆಂಗ ಕರೀತೀರಿ, ಹಂಗ.”

ಸೊಸೆ ಮೆಲ್ಲಗೆ, ಹೆದರುತ್ತ, “ಯೇ ಯೇ, ಮೋತ್ಯಾ, ಯೇ,” ಎಂದಳು. ಕಾಳ್ಯಾ ಸರಪಳಿ ಹರಿಯುವಂತೆ ಮೋತ್ಯಾನ ಕಡೆ ಹಾರಿದ.

ಎಲ್ಲ ಬಿಚ್ಚಿಕೊಂಡಿತು. ಅವಳು ಪ್ರೀತಿಯಿಂದ ಕರೆದಾಗಲೆಲ್ಲ ಕಾಳ್ಯಾಗೆ ಕೇಳಿದ್ದು ‘ಕಳ್ಳ ಬಂದ, ಅಟ್ಟು’ ಎಂದು. ಬಿಡಿಸಲು ಇವರೆಲ್ಲ ಕಿರುಚಿದಾಗ ಮೋತ್ಯಾಗೆ ಕೇಳಿದ್ದು ‘ಬಾ, ಬಾ, ಒಳಗೆ ಬಾ’ ಎಂದು. ಎರಡು ತಿಂಗಳಿಂದ ಯಾಕೆ ಎಂಬುದೂ ತಿಳಿಯಿತು. ಹೊಟ್ಟೆ ಮುಂದೆ ಬಂದ ಮೇಲೆ ಸೊಸೆ ಹಿತ್ತಲಿಗೆ ಹೋಗಿ ಅನ್ನ ಹಾಕುವುದನ್ನು ಬಿಟ್ಟಿದ್ದಳು. ಮೋತ್ಯಾನನ್ನು ಬಿಚ್ಚಿಸಿ ಮುಂದಿನ ಕಟ್ಟೆಯಿಂದಲೇ ಕರೆಯುತ್ತಿದ್ದಳು, ಕಾಳ್ಯಾನ ಕಿವಿಯ ಮುಂದೆ. ಹೊಳೆಯ ದಾರಿಯಲ್ಲಿ ನಾನೂ ಮುತ್ಯಾನೂ ಮೂಕರಂತೆ ನಡೆದಿದ್ದೆವು, ಹಾಗಾಗಿ ಜಗಳವೇ ಇರಲಿಲ್ಲ. ಇಲ್ಲಿಯ ಜನ ಹುಟ್ಟುತ್ತಲೇ ಎರಡು ಭಾಷೆಯವರು. ಬೆಳಿಗ್ಗೆಯಿಂದ ಸಂಜೆಯವರೆಗೆ ನೂರು ಸಲ ಅತ್ತಿಂದಿತ್ತ ದಾಟುತ್ತಾರೆ, ದಾಟಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ನಾಯಿಗಳು ಪಾಪ ಒಂದೊಂದೇ ಭಾಷೆಯವು. ನನ್ನ ಹಾಗೆ.

ಸೊಸೆಯೇ ಮೊದಲು ಬಾಯಿ ತೆರೆದಳು.

“ಅತ್ತಿ, ಮದಲ ಮದಲ ನೀವು ಕೋಳಿಗಿ ‘ಏ’ ಅಂದ್ರ ನಾನೂ ನನ್ನ ಕರದ್ರಿ ಅಂತ ಒಲಿ ಬಿಟ್ಟ ಓಡಿ ಬರತಿದ್ನಿ. ನೀವು ‘ಯಾಕ ಬಂದೀ’ ಅಂತ ಮಾರಿ ಗಂಟ ಹಾಕತಿದ್ರಿ.”

ಅತ್ತೆ ಕಚ್ಚಿದ ಮುಂಗೈಯ ಪಟ್ಟಿಯನ್ನು ಸವರುತ್ತ ಕೂತರು. “ನಾ ಏನ್ ತಿಳದಿದ್ನಿ ಗೊತ್ತೈತೇನ? ಈ ಹುಡಗಿ ನನ್ನ ಮ್ಯಾಲ ಕಾವಲ ಇದ್ದಾಳ ಅಂತ ತಿಳದಿದ್ನಿ,” ಎಂದರು. ಆಮೇಲೆ ನನಗೆ, “ಮುಂದ ಹೇಳ್ರಿ,” ಎಂದರು.

ನಾನು ಆಗ ತೆಗೆದುಕೊಂಡ ತೀರ್ಮಾನಕ್ಕೆ ಇಂದಿಗೂ ಹೆಮ್ಮೆಯಿದೆ. ನಾಯಿಗಳನ್ನು ಬಿಟ್ಟು ಮನುಷ್ಯರನ್ನು ಪಳಗಿಸಲು ಹೊರಟೆ. ಆ ಮನೆಯಲ್ಲಿ ಇನ್ನು ನಾಲ್ಕು ದಿನ ಯಾರೂ ‘ಏ’ ಅನ್ನಕೂಡದು. ಕೋಳಿಗೆ, ಆಡಿಗೆ, ಗಂಡನಿಗೆ, ದೇವರಿಗೂ ಸಹ. ಊಟಕ್ಕೆ ಕರೆಯಲು ತಗಡಿನ ತಾಟು ಬಡಿಯುವುದು. ಆದರೆ ನಿಲ್ಲಿಸಲು ಒಂದು ಮಾತು ಬೇಕಲ್ಲ? ಕನ್ನಡದ್ದಾದರೆ ಇವನಿಗೆ ತಿಳಿಯದು, ಮರಾಠಿಯದಾದರೆ ಅವನಿಗೆ ತಿಳಿಯದು.

“‘ಹೋ’ ಅನ್ರಿ,” ಎಂದರು ಮುತ್ಯಾ. “ಎತ್ತಿಗಿ ಕನ್ನಡ ಮರಾಠಿ ಇಲ್ರಿ. ‘ಹೋ’ ಅಂದ್ರ ಆ ಕಡೆನೂ ನಿಲ್ಲತಾವ, ಈ ಕಡೆನೂ ನಿಲ್ಲತಾವ. ಇವೆರಡೂ ಎತ್ತಿನ ಕಾಲಾಗ ಬೆಳದ ನಾಯಿ.”

ಬೆಳಗಾವಿ ಜಿಲ್ಲೆಯ ಮನೆಯೊಂದರಲ್ಲಿ ‘ಏ’ ನಿಲ್ಲಿಸುವುದೆಂದರೇನು! ಯಜಮಾನರು ‘ಏ’ ಇಲ್ಲದೆ ಮಾತು ಸುರುಮಾಡಿದ್ದೇ ಇಲ್ಲ. ಕೊನೆಗೆ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಕೈಸನ್ನೆಯಲ್ಲಿ ದರಬಾರು ನಡೆಸಿದರು. ಅತ್ತೆ, ತಪ್ಪಿದಾಗಲೆಲ್ಲ ಸೆರಗಿನ ತುದಿಗೊಂದು ಗಂಟು ಹಾಕಿಕೊಳ್ಳುತ್ತಿದ್ದರು. ಏಳನೆಯ ದಿನ ಸಂಜೆ ನೋಡಿದರೆ ಒಂಬತ್ತು ಗಂಟು! “ಸೀರಿ ಉಡಾಕ ಉಳೀವಲ್ದು,” ಎಂದು ತಾವೇ ನಕ್ಕರು. ಅತ್ತೆ ಸೊಸೆ ಒಟ್ಟಿಗೆ ನಗುವುದನ್ನು ಅವತ್ತೇ ನಾನು ಮೊದಲು ಕಂಡದ್ದು.

ನಾಯಿಗಳ ಪಾಠವೂ ನಡೆದಿತ್ತು. ಬೆಳಿಗ್ಗೆ ಹೊಳೆಯ ದಾರಿಯಲ್ಲಿ ಮಗ್ಗುಲಿಗೆ ಮಗ್ಗುಲು ನಡೆಸುವುದು. ನೂರು ಹೆಜ್ಜೆಗೊಮ್ಮೆ ಮುತ್ಯಾ ಉದ್ದಕ್ಕೆ “ಹೋ” ಎಂದು ನಿಲ್ಲುವುದು. ಎರಡೂ ನಿಂತರೆ ಎರಡಕ್ಕೂ ರೊಟ್ಟಿಯ ಚೂರು, ಒಂದೇ ನಿಂತರೆ ಯಾರಿಗೂ ಇಲ್ಲ. ಎಂಟನೆಯ ದಿನ ಅದನ್ನೇ ಅಂಗಳದಲ್ಲಿ ಮಾಡಿದೆವು, “ಹೋ” ಅನ್ನುವವಳು ಸೊಸೆ. ಒಂಬತ್ತನೆಯ ದಿನ ಅತ್ತೆ. ಅವರ ದನಿಗೆ ನಾಯಿಗಳಿಗಿಂತ ಮೊದಲು ಗೋದಲಿಯ ಎತ್ತುಗಳು ಮೇವು ಬಿಟ್ಟು ತಲೆ ಎತ್ತಿದವು. ಹತ್ತನೆಯ ದಿನ ಎರಡೂ ಐದು ಹೆಜ್ಜೆ ದೂರದಲ್ಲಿ ಕೂತು ಉಂಡವು. ಅತ್ತೆ ಸರ್ಕಾರಿ ದವಾಖಾನೆಯಿಂದ ಬಂದು, ನಾಯಿ ಎರಡೂ ಚಲೋ ಇದ್ದಾವೆಂದು ಡಾಕ್ಟರರು ಹೊಟ್ಟೆಯ ಸೂಜಿ ನಿಲ್ಲಿಸಿದರು ಎಂದರು. ಅವರ ಸೆರಗಿಗೆ ಅವತ್ತು ಒಂದೇ ಗಂಟಿತ್ತು.

ಹನ್ನೊಂದನೆಯ ದಿನ ಚೀಲ ಹಿಡಿದು ಬಂದೆ. ಕೊಟ್ಟ ಮಾತಿನಂತೆ ಸೂಜಿ ಅದರೊಳಗಿತ್ತು. ಅಂಗಳಕ್ಕೆ ಚಪ್ಪರ, ನೀರು ಹೊಡೆದ ನೆಲ, ಹೂರಣದ ವಾಸನೆ. ಸೊಸೆ ಹಸಿರು ಸೀರೆ ಉಟ್ಟು ಕಟ್ಟೆಯ ಮೇಲೆ ನಿಂತಿದ್ದಳು. ಮುತ್ಯಾ ಒಂದು ಕೈಯಲ್ಲಿ ಕಾಳ್ಯಾ, ಇನ್ನೊಂದರಲ್ಲಿ ಮೋತ್ಯಾನನ್ನು ಹಗುರಾಗಿ ಹಿಡಿದಿದ್ದರು. ಎಲ್ಲ ಸರಿಯಾಗಿದೆ ಎಂದುಕೊಳ್ಳುವಷ್ಟರಲ್ಲಿ ದಾರಿಯಲ್ಲಿ ಬೀಗರ ಟೆಂಪೋ ಹಾರ್ನ್ ಕೇಳಿಸಿತು. ನಾಲ್ಕು ದಿನ ಬಾಯಿಗೆ ಬೀಗ ಹಾಕಿ ನಾವು ಹೊರಗಿಟ್ಟದ್ದನ್ನೇ ಟೆಂಪೋ ತುಂಬಿಕೊಂಡು ತರುತ್ತಿದ್ದಾರೆ! ಇಪ್ಪತ್ತು ಮರಾಠಿ ಹೆಂಗಸರು. ಇಳಿದ ಕೂಡಲೇ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ?

“ಮುತ್ಯಾ, ಗಟ್ಟಿ ಹಿಡೀರಿ!” ಎನ್ನುವಷ್ಟರಲ್ಲಿ ಸೊಸೆಯ ತಾಯಿ ಎಲ್ಲರಿಗಿಂತ ಮೊದಲು ಇಳಿದರು. ಮಗಳನ್ನು ಕಂಡು ಎರಡೂ ತೋಳು ಚಾಚಿ, ಊರಿಗೇ ಕೇಳುವಂತೆ, “ಯೇ ಗ ಬಾಳೇ, ಯೇ! ಯೇ!” ಎಂದು ಕೂಗಿದರು.

ಮೋತ್ಯಾ ಹಳೆಯ ಯಜಮಾನಿ ಎಂದು ಹಾರಿದ. ಕಾಳ್ಯಾ ಕೂದಲು ನಿಮಿರಿಸಿ ಹಾರಿದ. ಮುತ್ಯಾನ ಎರಡೂ ಕೈ ಖಾಲಿ. ಅತ್ತ ಸೊಸೆಯೂ ತಾಯಿಯ ಕಡೆಗೆ ಕಟ್ಟೆ ಇಳಿದು ಓಡುತ್ತಿದ್ದಾಳೆ, ತುಂಬಿದ ಬಸುರಿ, ನಾಯಿಗಳು ಅವಳ ಕಾಲಿನ ಹತ್ತಿರವೇ! ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಬಾಯಿ ತೆರೆಯಿತು. ಐವತ್ತು ವರ್ಷದಿಂದ ಆ ಬಾಯಲ್ಲಿ ಕೂತ ಶಬ್ದ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅದನ್ನು ಅವರು ನುಂಗಿದರು.

“ಹೋ!” ಎಂದರು. “ಹೋ... ಹೋ!”

ಕಾಳ್ಯಾ ನಿಂತ. ಮೋತ್ಯಾ ನಿಂತ. ನಾಲ್ಕು ದಿನದ ಪಾಠ ಅವಳಿಗೂ ಹತ್ತಿತ್ತೋ ಏನೋ, ಸೊಸೆಯೂ ಕಾಲು ಎತ್ತಿದಲ್ಲೇ ನಿಂತುಬಿಟ್ಟಳು. ಟೆಂಪೋದಿಂದ ಇಳಿಯುತ್ತಿದ್ದ ಹೆಂಗಸರು ಅರ್ಧ ಇಳಿದು ನಿಂತರು. ಗೋದಲಿಯಲ್ಲಿ ಎತ್ತುಗಳು ಮೇಯುವುದನ್ನು ಬಿಟ್ಟವು. ಎಲೆ ಅಡಿಕೆ ಉಗುಳಿ ಮೊದಲು ನಕ್ಕವರು ಯಜಮಾನರು. ಆ ನಗುವಿಗೆ ಚಪ್ಪರವೆಲ್ಲ ನಕ್ಕಿತು. ನಾನು ನಗುತ್ತಿದ್ದೇನೆಂದುಕೊಂಡಿದ್ದೆ, ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಕುಬಸ ಮುಗಿದು, ಊಟವಾಗಿ, ಸೊಸೆ ಟೆಂಪೋ ಹತ್ತುವ ಮೊದಲು ಅತ್ತೆ ನನ್ನ ಹತ್ತಿರ ಬಂದರು.

“ಸೂಜಿ ತಂದೀರೇನ್ರಿ?”

“ತಂದೀನ್ರಿ, ಅವ್ವಾರ.”

“ಯಾ ಸೂಜಿ?”

ನಾನು ಚೀಲ ತೆರೆದು ತೋರಿಸಿದೆ. ಹುಚ್ಚುನಾಯಿ ರೋಗ ಬರದಂತೆ ಹಾಕುವ ಲಸಿಕೆ, ಎರಡು ಬಾಟಲಿ. ಬೇರೆ ಯಾವುದನ್ನೂ ನಾನು ತಂದಿರಲಿಲ್ಲ.

“ಹಾಕ್ರಿ ಮತ್ತ. ನನಗ ಹತ್ತ ಹಾಕ್ಯಾರ, ಇವಕ್ಕ ಒಂದೊಂದರೆ ಬೀಳಲಿ,” ಎಂದರು. ಕಾಳ್ಯಾನನ್ನು ಮುತ್ಯಾ ಹಿಡಿದರು, ಅವನದಾಯಿತು. ಮೋತ್ಯಾ ಮಾತ್ರ ಚೀಲ ಕಂಡು ಟೆಂಪೋದ ಕೆಳಗೆ ಸೇರಿಕೊಂಡ. ತಾಟು ಬಡಿದರೂ ಬರಲಿಲ್ಲ. ಸೊಸೆ ಟೆಂಪೋದಲ್ಲಿ ಕೂತು ಬಗ್ಗಿ ನೋಡುತ್ತಿದ್ದಳು, ಕರೆಯಲು ಬಾಯಿ ತೆರೆದಳು. ಅತ್ತೆ ಕೈ ಎತ್ತಿ ಅವಳನ್ನು ತಡೆದರು. ಹೊಸ ಸೀರೆಯನ್ನೂ ನೋಡದೆ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಕಟ್ಟಿದ ಕೈ ಮುಂದೆ ಚಾಚಿದರು.

“ಯೇ,” ಎಂದರು ಮೆಲ್ಲಗೆ. “ಯೇ, ಮೋತ್ಯಾ, ಯೇ.”

ಕಾಳ್ಯಾ ಕಿವಿ ನಿಮಿರಿಸಿ ಎದ್ದ. ಮುತ್ಯಾ “ಹೋ” ಎಂದರು, ಕೂತ. ಟೆಂಪೋದ ಕೆಳಗಿನಿಂದ ಮೋತ್ಯಾ ಹೊಟ್ಟೆಯ ಮೇಲೆ ತೆವಳಿ ಬಂದು ಆ ಪಟ್ಟಿ ಕಟ್ಟಿದ ಕೈಯ ಕೆಳಗೆ ತಲೆ ಇಟ್ಟ. ನಾನು ಸೂಜಿ ತೆಗೆದೆ.